ವಿಲಿಯಂ ಟ್ರೇಗರ್

ವಿಲಿಯಂ ಟ್ರೇಗರ್ (ಮಾರ್ಚ್ 20, 1910 – ಜನವರಿ 22, 2005) ಅಮೆರಿಕದ ಪರೋಪಜೀವಿಶಾಸ್ತ್ರಜ್ಞರು. ಕೀಟಗಳಿಗೆ ರೋಗ ತರುವ ವೈರಸ್ಸನ್ನು ಕೀಟದ ದೇಹದ ಹೊರಗೆ, ಗಾಜಿನ ಮೇಲೆ ಬೆಳೆಸಿದ ಕೀಟ ಜೀವಕೋಶಗಳಲ್ಲಿ ವೃದ್ಧಿಪಡಿಸಿದ ಮೊದಲಿಗರೆಂದು ಅವರು ಹೆಸರಾಗಿದ್ದಾರೆ. ರೇಷ್ಮೆಹುಳುವಿನ ವೈರಸ್ಸಿನ ಮೇಲೆ ಅವರು ನಡೆಸಿದ ಈ ಪ್ರಯೋಗ 1935ರಲ್ಲಿ ಪ್ರಕಟವಾಯಿತು. ನಲವತ್ತೊಂದು ವರ್ಷಗಳ ನಂತರ, 1976ರಲ್ಲಿ, ಜೇಮ್ಸ್ ಜೆನ್ಸೆನ್ ಅವರೊಡನೆ ಸೇರಿ ಮನುಷ್ಯರಲ್ಲಿ ಮಾರಕ ಮಲೇರಿಯಾ ಉಂಟುಮಾಡುವ ಪ್ಲಾಸ್ಮೋಡಿಯಂ ಫಾಲ್ಸಿಪಾರಮ್ ಪರೋಪಜೀವಿಯನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ವಿಧಾನವನ್ನು ಕಂಡುಕೊಂಡರು. ಇಂದು ನಡೆಯುವ ಮಲೇರಿಯಾ ಔಷಧ ಮತ್ತು ಲಸಿಕೆ ಸಂಶೋಧನೆಗಳಲ್ಲಿ ಹೆಚ್ಚಿನವು ಈ ವಿಧಾನವನ್ನು ಅವಲಂಬಿಸಿವೆ.

ಮತ್ತೊಂದು ಜೀವಿಯೊಳಗೆ ಮಾತ್ರ ಬದುಕಬಲ್ಲ ಜೀವಿಯನ್ನು ಅದರ ಆಶ್ರಯದಾತನ ದೇಹದಿಂದ ಬೇರ್ಪಡಿಸಿ ಬೆಳೆಸಲು ಸಾಧ್ಯವೇ, ಸಾಧ್ಯವಾಗಬೇಕಾದರೆ ಅದಕ್ಕೆ ಯಾವ ಯಾವ ಪೋಷಕಾಂಶಗಳನ್ನು ಒದಗಿಸಬೇಕು ಎಂಬ ಪ್ರಶ್ನೆಯೇ ಅವರ ಜೀವಿತಾವಧಿಯ ಸಂಶೋಧನೆಯನ್ನು ನಡೆಸಿತು.

ಆರಂಭಿಕ ಜೀವನ ಮತ್ತು ವಿದ್ಯಾಭ್ಯಾಸ

ಟ್ರೇಗರ್ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ನಗರದಲ್ಲಿ ಜನಿಸಿದರು. ಅದೇ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದಿ 1930ರಲ್ಲಿ ಪದವಿ ಪಡೆದರು. ಅನಂತರ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿ 1933ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು.

ಹಾರ್ವರ್ಡ್‌ನಲ್ಲಿ ಅವರಿಗೆ ಎಲ್. ಆರ್. ಕ್ಲೀವ್‌ಲ್ಯಾಂಡ್ ಅವರ ಮಾರ್ಗದರ್ಶನ ದೊರೆಯಿತು. ಗೆದ್ದಲು ಹುಳುವು ತಾನು ತಿಂದ ಮರವನ್ನು ತಾನಾಗಿ ಜೀರ್ಣಿಸಿಕೊಳ್ಳಲಾರದು, ಅದರ ಕರುಳಿನಲ್ಲಿ ವಾಸಿಸುವ ಕಶಾಂಗವುಳ್ಳ ಏಕಕೋಶ ಜೀವಿಗಳು ಆ ಕೆಲಸವನ್ನು ಮಾಡಿಕೊಡುತ್ತವೆ ಎಂಬುದನ್ನು ಕ್ಲೀವ್‌ಲ್ಯಾಂಡ್ 1920ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಟ್ರೇಗರ್ ಈ ವಿಷಯವನ್ನು ಮುಂದುವರಿಸಿದರು. ಗೆದ್ದಲು ಹುಳುಗಳ ಮತ್ತು ಮರ ತಿನ್ನುವ ಒಂದು ಜಾತಿಯ ಜಿರಳೆಯ ಕರುಳಿನಲ್ಲಿರುವ ಏಕಕೋಶ ಜೀವಿಗಳಲ್ಲಿ ಸೆಲ್ಯುಲೋಸನ್ನು ಒಡೆಯುವ ಕಿಣ್ವವಿರುವುದನ್ನು ಅವರು 1932ರಲ್ಲಿ ವರದಿ ಮಾಡಿದರು. 1934ರಲ್ಲಿ ಇಂತಹ ಒಂದು ಏಕಕೋಶ ಜೀವಿಯನ್ನು ಗೆದ್ದಲಿನ ಕರುಳಿನಿಂದ ಹೊರತೆಗೆದು ಕೃತಕ ದ್ರಾವಣದಲ್ಲಿ ಬೆಳೆಸಿದ ವಿವರವನ್ನು ಪ್ರಕಟಿಸಿದರು. ಆತಿಥೇಯ ಜೀವಿಯ ಒಳಗಿನ ಪರಿಸರವನ್ನು ಹೊರಗೆ ಮರುಸೃಷ್ಟಿಸುವ ಅವರ ಪ್ರಯತ್ನಗಳಲ್ಲಿ ಇದು ಮೊದಲನೆಯದು.

ಪ್ರಿನ್ಸ್‌ಟನ್ ಪ್ರಯೋಗಾಲಯ

ಡಾಕ್ಟರೇಟ್ ಮುಗಿಸಿದ ಬಳಿಕ ಟ್ರೇಗರ್ ರಾಕ್‌ಫೆಲ್ಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪ್ರಿನ್ಸ್‌ಟನ್ ಶಾಖೆಯನ್ನು ಸೇರಿದರು. ಪ್ರಾಣಿಗಳ ಮತ್ತು ಸಸ್ಯಗಳ ರೋಗಗಳ ಅಧ್ಯಯನ ಈ ಶಾಖೆಯಲ್ಲಿ ನಡೆಯುತ್ತಿತ್ತು. ದನಗಳಿಗೆ ಬರುವ ಒಂದು ಜ್ವರವು ಉಣ್ಣೆಗಳ ಮೂಲಕ ಹರಡುತ್ತದೆಂದು 1893ರಲ್ಲಿ ಸಾಬೀತುಪಡಿಸಿದ ಥಿಯೊಬಾಲ್ಡ್ ಸ್ಮಿತ್ ಅಲ್ಲಿನ ಪ್ರಾಣಿರೋಗ ವಿಭಾಗವನ್ನು ಕಟ್ಟಿ ಬೆಳೆಸಿದ್ದರು. ಅದೇ ಆವರಣದ ಸಸ್ಯರೋಗ ವಿಭಾಗದಲ್ಲಿ ವೆಂಡೆಲ್ ಸ್ಟ್ಯಾನ್ಲಿ ಅವರು ತಂಬಾಕಿನ ಮೊಸಾಯಿಕ್ ವೈರಸ್ಸನ್ನು ಹರಳಿನ ರೂಪಕ್ಕೆ ತಂದದ್ದು 1935ರಲ್ಲಿ. ಟ್ರೇಗರ್ ಅವರ ರೇಷ್ಮೆಹುಳುವಿನ ಪ್ರಬಂಧ ಪ್ರಕಟವಾದದ್ದೂ ಅದೇ ವರ್ಷ.

ಕೀಟರೋಗಗಳ ತಜ್ಞರಾದ ರುಡಾಲ್ಫ್ ಗ್ಲೇಸರ್ ಕೂಡ ಪ್ರಿನ್ಸ್‌ಟನ್‌ನಲ್ಲಿದ್ದರು. ಕೀಟಗಳ ರಕ್ತಕಣಗಳನ್ನು ದೇಹದ ಹೊರಗೆ ಇರಿಸಿ ನೋಡುವ ಪ್ರಯತ್ನವನ್ನು ಅವರು 1917ರಷ್ಟು ಹಿಂದೆಯೇ ಮಾಡಿದ್ದರು. ರೇಷ್ಮೆಹುಳುವಿನ ಕಾಮಾಲೆ ಎಂದು ಕರೆಯಲಾಗುತ್ತಿದ್ದ ವೈರಸ್ ರೋಗದ ಕುರಿತೂ ಅವರು ಕೆಲಸ ಮಾಡುತ್ತಿದ್ದರು. ಹೀಗಾಗಿ ಟ್ರೇಗರ್ ಕೈಗೆತ್ತಿಕೊಂಡ ಸಮಸ್ಯೆಗೆ ಅಗತ್ಯವಾದ ವಾತಾವರಣ ಅಲ್ಲಿ ಮೊದಲೇ ಸಿದ್ಧವಾಗಿತ್ತು.

ರೇಷ್ಮೆಹುಳುವಿನ ವೈರಸ್ ಕೃಷಿ

ರೋಗದ ಹಿನ್ನೆಲೆ

ಟ್ರೇಗರ್ ಆರಿಸಿಕೊಂಡದ್ದು ಫ್ರೆಂಚರು ಗ್ರಾಸರಿ ಎಂದು ಹೆಸರಿಟ್ಟ ರೋಗವನ್ನು. ಕರ್ನಾಟಕದ ರೇಷ್ಮೆ ಬೆಳೆಗಾರರು ಇದನ್ನು ಹಾಲುತೊಂಡೆ ರೋಗವೆಂದು ಕರೆಯುತ್ತಾರೆ. ರೋಗ ತಗುಲಿದ ಹುಳುವಿನ ಮೈ ಉಬ್ಬುತ್ತದೆ, ಚರ್ಮ ಬಿಗಿದು ಹೊಳೆಯುತ್ತದೆ. ಹುಳು ಗೂಡು ಕಟ್ಟದೆ ತಟ್ಟೆಯ ಅಂಚಿನಲ್ಲಿ ಅಲೆದಾಡುತ್ತದೆ. ಚರ್ಮ ಒಡೆದರೆ ಹಾಲಿನಂತೆ ಬೆಳ್ಳಗಿನ ದ್ರವ ಸುರಿಯುತ್ತದೆ, ಆ ದ್ರವದಿಂದ ಉಳಿದ ಹುಳುಗಳಿಗೂ ರೋಗ ಹರಡುತ್ತದೆ. ಹಿಪ್ಪುನೇರಳೆ ಸೊಪ್ಪು, ಕೂಲಿ, ದಿನಗಟ್ಟಲೆಯ ದುಡಿಮೆ ಎಲ್ಲವನ್ನೂ ಸುರಿದ ಬಳಿಕ, ಹುಳು ಹಣ್ಣಾಗುವ ಹೊತ್ತಿಗೆ ಬೆಳೆ ಕೈತಪ್ಪುವುದರಿಂದ ರೇಷ್ಮೆ ಸಾಕುವ ಎಲ್ಲ ದೇಶಗಳಲ್ಲಿಯೂ ಈ ರೋಗ ಭಯ ಹುಟ್ಟಿಸಿದೆ.

ಬೆಳ್ಳಗಿನ ಆ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಮುಖಗಳುಳ್ಳ, ಬೆಳಕನ್ನು ಬಾಗಿಸುವ ಹರಳುಗಳು ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ವಿಜ್ಞಾನಿಗಳು ಇವುಗಳನ್ನು ಗುರುತಿಸಿದ್ದರು. ಈ ಬಹುಮುಖ ಹರಳುಗಳು ರೋಗದ ಕಾರಣವೋ ಪರಿಣಾಮವೋ ಎಂಬ ವಿಷಯದಲ್ಲಿ ದೀರ್ಘಕಾಲ ಭಿನ್ನಾಭಿಪ್ರಾಯವಿತ್ತು. ವೈರಸ್ ಕಣಗಳು ಪ್ರೋಟೀನಿನ ಹರಳಿನೊಳಗೆ ಹುದುಗಿರುತ್ತವೆ ಎಂಬುದು ಖಚಿತವಾದದ್ದು 1940ರ ದಶಕದಲ್ಲಿ, ಜರ್ಮನಿಯ ಬೆರ್ಗೋಲ್ಡ್ ಅವರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಡ್ಡಿಯಾಕಾರದ ಕಣಗಳನ್ನು ಕಂಡ ನಂತರ. ಟ್ರೇಗರ್ ಪ್ರಯೋಗ ನಡೆಸಿದಾಗ ವೈರಸ್ಸನ್ನು ನೇರವಾಗಿ ನೋಡುವ ಉಪಕರಣವೇ ಇರಲಿಲ್ಲ.

ಎದುರಾದ ತೊಡಕುಗಳು

ಕೋಳಿ, ಇಲಿ ಮುಂತಾದ ಪ್ರಾಣಿಗಳ ಅಂಗಾಂಶಗಳನ್ನು ದೇಹದ ಹೊರಗೆ ಬೆಳೆಸುವ ಕಲೆ 1907ರಿಂದ ಈಚೆಗೆ ಸಾಕಷ್ಟು ಮುಂದುವರಿದಿತ್ತು. ಕೀಟಗಳ ವಿಷಯದಲ್ಲಿ ಅಂತಹ ಪ್ರಗತಿ ಆಗಿರಲಿಲ್ಲ. ರಿಚರ್ಡ್ ಗೋಲ್ಡ್‌ಸ್ಮಿತ್ 1915ರಲ್ಲಿ ಒಂದು ಪತಂಗದ ವೀರ್ಯಜನಕ ಕೋಶಗಳನ್ನು ಗಾಜಿನ ಮೇಲೆ ಕೆಲಕಾಲ ಜೀವಂತವಾಗಿ ಇರಿಸಿದ್ದರು. ಕೀಟದ ಕೋಶಗಳು ಕ್ರಮವಾಗಿ ವಿಭಜನೆ ಹೊಂದುತ್ತ ಬೆಳೆಯುವಂತೆ ಮಾಡುವುದು ಬೇರೆಯೇ ಮಾತಾಗಿತ್ತು.

ಇದಕ್ಕೆ ಹಲವು ಕಾರಣಗಳಿದ್ದವು. ಕೀಟದ ದೇಹದಲ್ಲಿ ಹರಿಯುವ ರಕ್ತದ್ರವದ ರಚನೆ ಸಸ್ತನಿಗಳ ರಕ್ತಕ್ಕಿಂತ ತೀರ ಭಿನ್ನ. ಪತಂಗಗಳ ಮರಿಹುಳುಗಳಲ್ಲಿ ಅಮೈನೋ ಆಮ್ಲಗಳ ಪ್ರಮಾಣ ಬಹಳ ಹೆಚ್ಚು. ಸೋಡಿಯಂಗಿಂತ ಪೊಟ್ಯಾಸಿಯಂ ಅಧಿಕ. ಆದ್ದರಿಂದ ಸಸ್ತನಿಗಳ ಕೋಶಗಳಿಗೆ ಒಗ್ಗುವ ಲವಣ ದ್ರಾವಣಗಳು ಕೀಟದ ಕೋಶಗಳಿಗೆ ಒಗ್ಗುವುದಿಲ್ಲ. ಹುಳುವಿನ ರಕ್ತವನ್ನೇ ಬಳಸೋಣವೆಂದರೆ ಅದು ಗಾಳಿ ಸೋಕಿದೊಡನೆ ಕಿಣ್ವವೊಂದರ ಕ್ರಿಯೆಯಿಂದ ಕಪ್ಪಾಗಿ ಕೋಶಗಳಿಗೆ ವಿಷವಾಗುತ್ತದೆ. ಇವುಗಳ ಜೊತೆಗೆ ಸೂಕ್ಷ್ಮಾಣುಗಳ ಕಾಟ. ಪೆನಿಸಿಲಿನ್ ಬಳಕೆಗೆ ಬರಲು ಇನ್ನೂ ವರ್ಷಗಳಿದ್ದವು. ಸೊಪ್ಪು ತಿಂದ ಹುಳುವನ್ನು ಸೀಳಿ ಅಂಗಾಂಶ ತೆಗೆಯುವಾಗ ಕರುಳಿಗೆ ಸೂಜಿಯ ಮೊನೆ ತಾಕಿದರೂ ಸಾಕು, ಬ್ಯಾಕ್ಟೀರಿಯಾಗಳು ಸೇರಿಕೊಂಡು ಇಡೀ ಕೃಷಿ ಕೆಡುತ್ತಿತ್ತು. ಕೈಚಳಕವೊಂದೇ ಆಗ ಇದ್ದ ರಕ್ಷಣೆ.

1935ರ ಪ್ರಯೋಗ

ಟ್ರೇಗರ್ ರೇಷ್ಮೆಹುಳುವಿನ ಜನನಾಂಗಗಳ, ಮುಖ್ಯವಾಗಿ ಅಂಡಾಶಯದ, ಅಂಗಾಂಶವನ್ನು ಆರಿಸಿಕೊಂಡರು. ಲವಣಗಳು, ಸಕ್ಕರೆ ಮತ್ತು ಹುಳುವಿನ ರಕ್ತದ್ರವವನ್ನು ಹದವಾಗಿ ಬೆರೆಸಿದ ಪೋಷಕ ದ್ರಾವಣವನ್ನು ಸಿದ್ಧಪಡಿಸಿ, ಅದರ ಹನಿಗಳಲ್ಲಿ ಅಂಗಾಂಶದ ತುಣುಕುಗಳನ್ನಿರಿಸಿದರು. ತುಣುಕುಗಳ ಅಂಚಿನಿಂದ ಕೋಶಗಳು ಹೊರಗೆ ಹರಡಿಕೊಂಡು ವಿಭಜನೆ ಹೊಂದಿದವು. ಹೀಗೆ ಬೆಳೆದ ಕೃಷಿಗಳನ್ನು ಜೀವಂತವಾಗಿ ಉಳಿಸಿಕೊಳ್ಳಬಹುದಾದ ಅವಧಿ ಕೆಲವೇ ವಾರಗಳದ್ದು. ಆದರೂ ಒಂದು ವೈರಸ್ಸನ್ನು ಪರೀಕ್ಷಿಸಲು ಅಷ್ಟು ಕಾಲ ಸಾಕಾಗಿತ್ತು.

ಆ ಕೋಶಗಳಿಗೆ ಗ್ರಾಸರಿ ವೈರಸ್ಸನ್ನು ಸೇರಿಸಿದಾಗ, ರೋಗಪೀಡಿತ ಹುಳುವಿನ ದೇಹದಲ್ಲಿ ಕಾಣುವಂತಹ ಬಹುಮುಖ ಹರಳುಗಳು ಗಾಜಿನ ಮೇಲಿನ ಕೋಶಗಳ ಕೇಂದ್ರಗಳಲ್ಲಿ ಕಾಣಿಸಿಕೊಂಡವು. ಕೋಶಕೇಂದ್ರ ಹಿಗ್ಗಿ, ಹರಳುಗಳಿಂದ ತುಂಬಿ, ಕೊನೆಗೆ ಕೋಶವೇ ನಾಶವಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ನೋಡುವುದು ಸಾಧ್ಯವಾಯಿತು.

ವೈರಸ್ ನಿಜವಾಗಿಯೂ ವೃದ್ಧಿಯಾಗಿದೆಯೆಂದು ಸಾಧಿಸಲು ಇಷ್ಟು ಸಾಲದು. ಮೊದಲು ಹಾಕಿದ ವೈರಸ್ಸೇ ಉಳಿದುಕೊಂಡು ಮುಂದಿನ ಕೋಶಗಳನ್ನು ಕೆಡಿಸುತ್ತಿರಬಹುದು ಎಂಬ ಸಂದೇಹಕ್ಕೆ ಎಡೆಯಿತ್ತು. ಇದನ್ನು ನಿವಾರಿಸಲು ಟ್ರೇಗರ್ ಒಂದು ಕೃಷಿಯ ದ್ರವದ ಅಲ್ಪ ಭಾಗವನ್ನು ಆರೋಗ್ಯವಂತ ಕೋಶಗಳ ಹೊಸ ಕೃಷಿಗೆ, ಅಲ್ಲಿಂದ ಮತ್ತೊಂದಕ್ಕೆ ವರ್ಗಾಯಿಸುತ್ತ ಹೋದರು. ಪ್ರತಿ ವರ್ಗಾವಣೆಯಲ್ಲಿಯೂ ಮೂಲ ವೈರಸ್ ದುರ್ಬಲಗೊಳ್ಳುತ್ತ ಹೋಗುವುದರಿಂದ, ಅದು ಹೆಚ್ಚದೆ ಇದ್ದಿದ್ದರೆ ಕೆಲವು ವರ್ಗಾವಣೆಗಳಲ್ಲಿಯೇ ಇಲ್ಲವಾಗಬೇಕಿತ್ತು. ಹಾಗಾಗಲಿಲ್ಲ. ಕೊನೆಯ ಕೃಷಿಗಳಲ್ಲಿಯೂ ಸೋಂಕು ಹರಡುವ ಶಕ್ತಿ ಉಳಿದಿತ್ತು. ಜೀವಂತ ಕೀಟವಿಲ್ಲದೆ ಕೀಟವೈರಸ್ ಬೆಳೆಯಬಲ್ಲದು ಎಂಬುದು ಹೀಗೆ ಸ್ಥಾಪಿತವಾಯಿತು. ಈ ಪ್ರಬಂಧವು ರಾಕ್‌ಫೆಲ್ಲರ್ ಸಂಸ್ಥೆಯ ಪ್ರಾಯೋಗಿಕ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಈ ಸಾಧನೆಗೆ ಮಿತಿಗಳೂ ಇದ್ದವು. ಪ್ರತಿಯೊಂದು ಕೃಷಿಗೂ ಹೊಸ ಹುಳುಗಳಿಂದ ಅಂಗಾಂಶ ತೆಗೆಯಬೇಕಾಗಿತ್ತು. ಕೋಶಗಳು ತಲೆಮಾರಿನಿಂದ ತಲೆಮಾರಿಗೆ ತಾವಾಗಿ ಮುಂದುವರಿಯುತ್ತಿರಲಿಲ್ಲ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅವು ಪ್ರಾಥಮಿಕ ಕೃಷಿಗಳೇ ಹೊರತು ಸ್ಥಿರ ಕೋಶತಳಿಗಳಲ್ಲ. ಆ ತಳಿಗಳಿಗಾಗಿ ವಿಜ್ಞಾನ ಲೋಕ ಇನ್ನೂ ಇಪ್ಪತ್ತೇಳು ವರ್ಷ ಕಾಯಬೇಕಾಯಿತು.

ಸೊಳ್ಳೆ ಮತ್ತು ಉಣ್ಣೆಗಳ ಅಧ್ಯಯನ

ರೇಷ್ಮೆಹುಳುವಿನಲ್ಲಿ ಕಲಿತ ವಿಧಾನವನ್ನು ಟ್ರೇಗರ್ ಸೊಳ್ಳೆಗಳತ್ತ ತಿರುಗಿಸಿದರು. ಈಡಿಸ್ ಈಜಿಪ್ಟೈ ಸೊಳ್ಳೆಯ ಮರಿಗಳನ್ನು ಯಾವುದೇ ಸೂಕ್ಷ್ಮಾಣುವಿನ ಸಂಪರ್ಕವಿಲ್ಲದೆ ಬೆಳೆಸಿ, ಅವುಗಳ ಬೆಳವಣಿಗೆಗೆ ಬೇಕಾದ ಪೋಷಕಾಂಶಗಳನ್ನು ಪರಿಶೀಲಿಸಿದರು. 1938ರಲ್ಲಿ, ಕುದುರೆಗಳಲ್ಲಿ ಮೆದುಳಿನ ಉರಿಯೂತ ಉಂಟುಮಾಡುವ ವೈರಸ್ಸು ದೇಹದಿಂದ ಬೇರ್ಪಡಿಸಿದ ಸೊಳ್ಳೆಯ ಅಂಗಾಂಶಗಳಲ್ಲಿ ವೃದ್ಧಿಯಾಗುತ್ತದೆಂದು ತೋರಿಸಿದರು. ಸೊಳ್ಳೆಯು ವೈರಸ್ಸನ್ನು ಸೂಜಿಯಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದಷ್ಟೇ ಅಲ್ಲ, ಅದರ ಕೋಶಗಳೇ ವೈರಸ್ಸಿನ ಬೆಳವಣಿಗೆಯ ನೆಲೆ ಎಂಬ ತಿಳಿವಳಿಕೆಗೆ ಇದು ಬಲ ನೀಡಿತು.

1939ರಲ್ಲಿ ಅವರು ಪ್ರಕಟಿಸಿದ ಮತ್ತೊಂದು ಅಧ್ಯಯನ ಉಣ್ಣೆಗಳ ಕುರಿತಾದದ್ದು. ಒಮ್ಮೆ ಉಣ್ಣೆಗಳಿಂದ ಕಚ್ಚಿಸಿಕೊಂಡ ಗಿನಿ ಇಲಿಗಳ ಮೇಲೆ ಎರಡನೆಯ ಬಾರಿ ಉಣ್ಣೆಗಳನ್ನು ಬಿಟ್ಟಾಗ, ಅವು ಹೊಟ್ಟೆ ತುಂಬ ರಕ್ತ ಹೀರಲಾಗದೆ ಸೊರಗಿದವು. ಇದು ಪ್ರಾಣಿಯ ದೇಹ ಬೆಳೆಸಿಕೊಂಡ ರೋಗನಿರೋಧಕ ಶಕ್ತಿಯ ಫಲವೆಂದು ಟ್ರೇಗರ್ ತೋರಿಸಿದರು. ಉಣ್ಣೆಗಳ ವಿರುದ್ಧ ದನಗಳಿಗೆ ಲಸಿಕೆ ನೀಡಬಹುದೆಂಬ ನಂತರದ ಆಲೋಚನೆಯ ಬೇರುಗಳಲ್ಲಿ ಈ ಕೆಲಸವೂ ಒಂದು.

ಮಲೇರಿಯಾ ಸಂಶೋಧನೆಯ ಆರಂಭ

1930ರ ದಶಕದ ಕೊನೆಯಲ್ಲಿ ಪ್ಲಾಸ್ಮೋಡಿಯಂ ಲೊಫುರೆ ಎಂಬ, ಪಕ್ಷಿಗಳಿಗೆ ಮಲೇರಿಯಾ ತರುವ ಪರೋಪಜೀವಿಯೊಂದು ಸಂಶೋಧಕರಿಗೆ ದೊರೆಯಿತು. ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿದ್ದ ಬೋರ್ನಿಯೋ ಮೂಲದ ಕಾಡುಕೋಳಿ ಜಾತಿಯ ಪಕ್ಷಿಯೊಂದರ ರಕ್ತದಲ್ಲಿ ಕಾಗ್ಗೆಶಾಲ್ ಎಂಬುವರು ಅದನ್ನು 1938ರಲ್ಲಿ ಪತ್ತೆಹಚ್ಚಿದ್ದರು. ಬಾತುಕೋಳಿಗಳಲ್ಲಿ ಸುಲಭವಾಗಿ ಬೆಳೆಯುವ ಈ ಪರೋಪಜೀವಿಯನ್ನು ದೇಹದ ಹೊರಗೆ ಎಷ್ಟು ಕಾಲ ಉಳಿಸಬಹುದು, ಯಾವ ಪದಾರ್ಥಗಳು ಅದರ ಬಾಳನ್ನು ಹೆಚ್ಚಿಸುತ್ತವೆ ಎಂಬುದನ್ನು ಟ್ರೇಗರ್ 1941ರಿಂದ ವರದಿ ಮಾಡತೊಡಗಿದರು. ಬಯೋಟಿನ್ ಎಂಬ ಜೀವಸತ್ವದ ಕೊರತೆಯಿರುವ ಪಕ್ಷಿಗಳಲ್ಲಿ ಮಲೇರಿಯಾ ಹೆಚ್ಚು ತೀವ್ರವಾಗುತ್ತದೆಂದು 1943ರಲ್ಲಿ ತೋರಿಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಪೆಸಿಫಿಕ್ ರಣರಂಗದಲ್ಲಿ ಗುಂಡಿಗಿಂತ ಮಲೇರಿಯಾದಿಂದಲೇ ಹೆಚ್ಚು ಸೈನಿಕರು ಆಸ್ಪತ್ರೆ ಸೇರುತ್ತಿದ್ದ ದಿನಗಳವು. ಕ್ವಿನೈನ್ ದೊರೆಯುತ್ತಿದ್ದ ಜಾವಾ ದ್ವೀಪ ಜಪಾನಿನ ವಶವಾಗಿದ್ದುದರಿಂದ ಅಟಾಬ್ರಿನ್ ಎಂಬ ಕೃತಕ ಔಷಧವೇ ಮಿತ್ರಪಡೆಗಳಿಗೆ ಆಸರೆಯಾಗಿತ್ತು. ನ್ಯೂಗಿನಿಯಲ್ಲಿ ಆ ಔಷಧದ ಪರೀಕ್ಷೆಯಲ್ಲಿ ಟ್ರೇಗರ್ ತೊಡಗಿಕೊಂಡಿದ್ದರು.

ನ್ಯೂಯಾರ್ಕ್ ಮತ್ತು ಆಫ್ರಿಕ

ಪ್ರಿನ್ಸ್‌ಟನ್ ಶಾಖೆ ಮುಚ್ಚಿದ ಬಳಿಕ, 1950ರ ಸುಮಾರಿಗೆ ಟ್ರೇಗರ್ ನ್ಯೂಯಾರ್ಕಿನ ಮುಖ್ಯ ಸಂಸ್ಥೆಗೆ ವರ್ಗವಾದರು. ಅದು ಮುಂದೆ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯವಾಯಿತು. ಅವರ ಉಳಿದ ವೃತ್ತಿಜೀವನವೆಲ್ಲ ಅಲ್ಲಿಯೇ ಕಳೆಯಿತು.

ಮಲೇರಿಯಾ ಪರೋಪಜೀವಿಯು ಕೆಂಪು ರಕ್ತಕಣದೊಳಗೆ ಅಡಗಿ ಬೆಳೆಯುತ್ತದೆ. ಆ ಕಣದಿಂದ ಅದಕ್ಕೆ ದೊರೆಯುವುದೇನು ಎಂಬುದನ್ನು ತಿಳಿಯಲು ಟ್ರೇಗರ್ ಪ್ಲಾಸ್ಮೋಡಿಯಂ ಲೊಫುರೆಯನ್ನು ರಕ್ತಕಣದಿಂದಲೂ ಬಿಡಿಸಿ, ರಕ್ತಕಣಗಳ ಸಾರವುಳ್ಳ ದ್ರಾವಣದಲ್ಲಿ ಕೆಲಕಾಲ ಬೆಳೆಸಿದರು. ಆ ಪರೋಪಜೀವಿಯು ಕೋಎನ್‌ಜೈಮ್ ಎ ಎಂಬ ವಸ್ತುವನ್ನು ತಾನಾಗಿ ತಯಾರಿಸಿಕೊಳ್ಳಲಾರದೆ ರಕ್ತಕಣದಿಂದ ಪಡೆಯುತ್ತದೆಂಬುದು ಈ ಪ್ರಯೋಗಗಳಿಂದ ತಿಳಿದುಬಂತು. ಮರಿಯಾ ರುಡ್ಜಿನ್ಸ್ಕಾ ಅವರೊಡನೆ ನಡೆಸಿದ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಧ್ಯಯನಗಳು, ಪರೋಪಜೀವಿಯು ರಕ್ತಕಣದ ಒಳದ್ರವ್ಯವನ್ನು ತುಣುಕು ತುಣುಕಾಗಿ ನುಂಗುವುದನ್ನು ತೋರಿಸಿದವು.

1950ರ ದಶಕದ ಕೊನೆಯಲ್ಲಿ ಅವರು ಪಶ್ಚಿಮ ಆಫ್ರಿಕದ ನೈಜೀರಿಯಾದಲ್ಲಿ, ಜಾನುವಾರುಗಳ ನಿದ್ರಾರೋಗ ಜಾತಿಯ ಕಾಯಿಲೆಯ ಮೇಲೆ ಕೆಲಸ ಮಾಡಿದರು. ಈ ರೋಗದ ಟ್ರಿಪನೋಸೋಮ್ ಪರೋಪಜೀವಿಗಳು ತ್ಸೆತ್ಸೆ ನೊಣದ ಮೂಲಕ ಹರಡುತ್ತವೆ. ನೊಣದ ದೇಹದಲ್ಲಿ ಅವು ಸೋಂಕು ತರಬಲ್ಲ ಹಂತಕ್ಕೆ ಬಲಿಯುತ್ತವೆ. ತ್ಸೆತ್ಸೆ ನೊಣದ ಅಂಗಾಂಶ ಕೃಷಿಯೊಡನೆ ಟ್ರಿಪನೋಸೋಮ್‌ಗಳನ್ನು ಇರಿಸಿದಾಗ, ಗಾಜಿನ ಪಾತ್ರೆಯಲ್ಲಿಯೇ ಅವು ಆ ಹಂತವನ್ನು ತಲುಪಿದವು. ಈ ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ರೇಷ್ಮೆಹುಳುವಿನ ಅಂಡಾಶಯದಲ್ಲಿ ಕಲಿತ ಪಾಠ ಇಲ್ಲಿ ಇನ್ನೊಂದು ಕೀಟದ ಮೇಲೆ ಫಲ ನೀಡಿತು.

ಮಲೇರಿಯಾ ಪರೋಪಜೀವಿಯ ನಿರಂತರ ಕೃಷಿ

ಮನುಷ್ಯರ ಮಲೇರಿಯಾ ಪರೋಪಜೀವಿಯನ್ನು ದೇಹದ ಹೊರಗೆ ಬೆಳೆಸುವ ಪ್ರಯತ್ನಗಳು 1912ರಲ್ಲಿ ಬಾಸ್ ಮತ್ತು ಜಾನ್ಸ್ ಅವರಿಂದ ಆರಂಭವಾಗಿದ್ದವು. ಬೆಳವಣಿಗೆಯ ಒಂದೆರಡು ಸುತ್ತುಗಳು ಮುಗಿಯುವಷ್ಟರಲ್ಲಿ ಪರೋಪಜೀವಿಗಳು ಸಾಯುತ್ತಿದ್ದವು. ಆರು ದಶಕಗಳ ಕಾಲ ಈ ಸ್ಥಿತಿ ಮುಂದುವರಿಯಿತು. ಔಷಧಗಳನ್ನು ಪರೀಕ್ಷಿಸಬೇಕೆಂದರೆ ರೋಗಿಗಳ ರಕ್ತವನ್ನೋ, ವಿಶೇಷ ಜಾತಿಯ ಕೋತಿಗಳನ್ನೋ ಅವಲಂಬಿಸಬೇಕಾಗಿತ್ತು. ಇದೇ ಅವಧಿಯಲ್ಲಿ ಕ್ಲೋರೋಕ್ವಿನ್ ಔಷಧಕ್ಕೆ ಜಗ್ಗದ ಪರೋಪಜೀವಿಗಳು ಆಗ್ನೇಯ ಏಷ್ಯಾ ಹಾಗೂ ದಕ್ಷಿಣ ಅಮೆರಿಕದಲ್ಲಿ ಕಾಣಿಸಿಕೊಂಡು ಹರಡತೊಡಗಿದ್ದವು.

ಟ್ರೇಗರ್ ಮತ್ತು ಅವರ ಪ್ರಯೋಗಾಲಯವನ್ನು ಸೇರಿದ ಜೇಮ್ಸ್ ಜೆನ್ಸೆನ್ 1976ರಲ್ಲಿ ಈ ತಡೆಯನ್ನು ದಾಟಿದರು. ಅವರು ಬಳಸಿದ ಆರ್‌ಪಿಎಂಐ 1640 ಎಂಬ ಪೋಷಕ ದ್ರಾವಣವನ್ನು ಮನುಷ್ಯರ ಬಿಳಿ ರಕ್ತಕಣಗಳಿಗಾಗಿ ಬೇರೆಯವರು ರೂಪಿಸಿದ್ದರು. ಅದಕ್ಕೆ ಮನುಷ್ಯರ ರಕ್ತಸಾರವನ್ನೂ ಕೆಂಪು ರಕ್ತಕಣಗಳನ್ನೂ ಸೇರಿಸಲಾಯಿತು. ಪರೋಪಜೀವಿಗಳಿಗೆ ಸಾಮಾನ್ಯ ಗಾಳಿಗಿಂತ ಕಡಿಮೆ ಆಮ್ಲಜನಕವೂ ಹೆಚ್ಚು ಇಂಗಾಲದ ಡೈಆಕ್ಸೈಡೂ ಹಿತವೆಂಬುದು ಗೆಲುವಿನ ಮುಖ್ಯ ಸೂತ್ರವಾಯಿತು. ರಕ್ತಕಣಗಳನ್ನು ಕದಡದೆ ತೆಳುವಾದ ಪದರದಂತೆ ನೆಲೆನಿಲ್ಲಲು ಬಿಟ್ಟದ್ದೂ, ನಿಯಮಿತವಾಗಿ ದ್ರಾವಣ ಬದಲಿಸಿ ಹೊಸ ರಕ್ತಕಣಗಳನ್ನು ಸೇರಿಸಿದ್ದೂ ಅಷ್ಟೇ ಮುಖ್ಯವಾಗಿದ್ದವು.

ಮೊದಲು ಅನಿಲ ಮಿಶ್ರಣವನ್ನೂ ದ್ರಾವಣವನ್ನೂ ಸತತವಾಗಿ ಹರಿಸುವ ಉಪಕರಣವನ್ನು ಬಳಸಲಾಯಿತು. ಬಳಿಕ ಇನ್ನಷ್ಟು ಸರಳವಾದ ಉಪಾಯ ರೂಪುಗೊಂಡಿತು. ಕೃಷಿಯ ತಟ್ಟೆಗಳನ್ನು ಗಾಜಿನ ಜಾಡಿಯೊಳಗಿಟ್ಟು, ಜೊತೆಗೆ ಒಂದು ಮೇಣದಬತ್ತಿಯನ್ನು ಹಚ್ಚಿ ಮುಚ್ಚಳ ಬಿಗಿಯಲಾಗುತ್ತಿತ್ತು. ಬತ್ತಿ ಆರುವ ಹೊತ್ತಿಗೆ ಜಾಡಿಯೊಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ದುಬಾರಿ ಅನಿಲ ಸಿಲಿಂಡರುಗಳಿಲ್ಲದ ಪ್ರಯೋಗಾಲಯಗಳಲ್ಲಿಯೂ, ಮಲೇರಿಯಾ ನಿಜವಾಗಿ ಕಾಡುವ ದೇಶಗಳಲ್ಲಿಯೂ ಈ ವಿಧಾನವನ್ನು ಅನುಸರಿಸಲು ಸಾಧ್ಯವಾದದ್ದು ಇದರ ಹಿರಿಮೆ.

ಈ ವರದಿ 1976ರ ಆಗಸ್ಟ್‌ನಲ್ಲಿ ಸೈನ್ಸ್ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದೇ ವರ್ಷ ಹೇನ್ಸ್, ಡಿಗ್ಸ್ ಮತ್ತು ಅವರ ಸಹೋದ್ಯೋಗಿಗಳು ಸ್ವತಂತ್ರವಾಗಿ ನಡೆಸಿದ ಫಾಲ್ಸಿಪಾರಮ್ ಕೃಷಿಯ ವಿವರ ನೇಚರ್ ನಿಯತಕಾಲಿಕದಲ್ಲಿ ಬಂದಿತು. ಹೆಚ್ಚು ಪ್ರಯೋಗಾಲಯಗಳಲ್ಲಿ ನೆಲೆಯೂರಿದ್ದು ಟ್ರೇಗರ್ ಮತ್ತು ಜೆನ್ಸೆನ್ ಅವರ ವಿಧಾನ.

ಈ ವಿಧಾನದ ಪರಿಣಾಮಗಳು ಬೇಗನೆ ಕಾಣಿಸಿಕೊಂಡವು. 1978ರಲ್ಲಿ ರೀಕ್‌ಮನ್ ಅವರು ರೋಗಿಯ ಬೆರಳ ತುದಿಯಿಂದ ತೆಗೆದ ಅಲ್ಪ ರಕ್ತದಲ್ಲಿಯೇ ಔಷಧದ ಪರಿಣಾಮವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಲಸಿಕೆಗೆ ತಕ್ಕ ಪ್ರೋಟೀನುಗಳನ್ನು ಗುರುತಿಸಲು, ವಂಶವಾಹಿಗಳನ್ನು ಮಾರ್ಪಡಿಸಲು, ಪ್ರಯೋಗಾಲಯದಲ್ಲಿ ಬೆಳೆದ ಪರೋಪಜೀವಿಗಳಿಂದಲೇ ಸೊಳ್ಳೆಗಳಿಗೆ ಸೋಂಕು ತಗುಲಿಸಲು ದಾರಿ ತೆರೆಯಿತು. 2002ರಲ್ಲಿ ಪ್ರಕಟವಾದ ಫಾಲ್ಸಿಪಾರಮ್ ಜೀನೋಮಿನ ಸಂಪೂರ್ಣ ವಿವರವೂ ಪ್ರಯೋಗಾಲಯದಲ್ಲಿ ಬೆಳೆಸಿದ ತಳಿಯೊಂದರಿಂದ ಪಡೆದದ್ದು. ಭಾರತದಲ್ಲಿ ವ್ಯಾಪಕವಾಗಿರುವ ಪ್ಲಾಸ್ಮೋಡಿಯಂ ವೈವಾಕ್ಸ್ ಮಾತ್ರ ಈ ವಿಧಾನಕ್ಕೆ ಒಗ್ಗಿಲ್ಲ. ಅದು ಎಳೆಯ ರಕ್ತಕಣಗಳನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೆ ಮುಖ್ಯ ಕಾರಣ.

ಕೀಟ ಕೋಶತಳಿಗಳ ನಂತರದ ಬೆಳವಣಿಗೆ

ಟ್ರೇಗರ್ ಮಲೇರಿಯಾದತ್ತ ಸಾಗಿದ ನಂತರ ಕೀಟಕೋಶಗಳ ಕೆಲಸವನ್ನು ಇತರರು ಮುಂದುವರಿಸಿದರು. 1950ರ ದಶಕದಲ್ಲಿ ವ್ಯಾಟ್ ಅವರು ರೇಷ್ಮೆಹುಳುವಿನ ರಕ್ತದ್ರವದ ರಾಸಾಯನಿಕ ವಿಶ್ಲೇಷಣೆಯನ್ನು ಆಧರಿಸಿ ಪೋಷಕ ದ್ರಾವಣವನ್ನು ರೂಪಿಸಿದರು. ಅದನ್ನು ಸುಧಾರಿಸಿದ ಆಸ್ಟ್ರೇಲಿಯಾದ ಟಿ. ಡಿ. ಸಿ. ಗ್ರೇಸ್ 1962ರಲ್ಲಿ ಒಂದು ಪತಂಗದ ಅಂಡಾಶಯದ ಅಂಗಾಂಶದಿಂದ ನಾಲ್ಕು ಸ್ಥಿರ ಕೋಶತಳಿಗಳನ್ನು ಪಡೆದರು. ಎಲ್ಲೆಯಿಲ್ಲದೆ ಮುಂದುವರಿಯಬಲ್ಲ ಮೊದಲ ಕೀಟ ಕೋಶತಳಿಗಳು ಇವು. ಟ್ರೇಗರ್ ಆರಿಸಿಕೊಂಡಿದ್ದ ಅಂಡಾಶಯವೇ ಇಲ್ಲಿಯೂ ಮೂಲವಾಗಿತ್ತು.

ಭಾರತದಲ್ಲಿಯೂ ಈ ಕ್ಷೇತ್ರದ ಮಹತ್ವದ ಕೆಲಸ ನಡೆಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ. ಆರ್. ಪಿ. ಸಿಂಗ್ 1967ರಲ್ಲಿ ಎರಡು ಜಾತಿಯ ಈಡಿಸ್ ಸೊಳ್ಳೆಗಳ ಮರಿಗಳಿಂದ ಕೋಶತಳಿಗಳನ್ನು ಬೆಳೆಸಿದರು. ಅವುಗಳಲ್ಲೊಂದರಿಂದ ಇಗರಾಶಿ 1978ರಲ್ಲಿ ಪ್ರತ್ಯೇಕಿಸಿದ ಸಿ6/36 ಎಂಬ ತಳಿ ಇಂದು ಡೆಂಗಿ ಮತ್ತು ಚಿಕುನ್‌ಗುನ್ಯ ವೈರಸ್ಸುಗಳನ್ನು ಬೆಳೆಸಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಅಮೆರಿಕದಲ್ಲಿ ಸೈನಿಕ ಹುಳುವಿನ ಜಾತಿಗೆ ಸೇರಿದ ಸ್ಪೊಡಾಪ್ಟೆರಾ ಫ್ರುಜಿಪರ್ಡಾದ ಅಂಡಾಶಯದಿಂದ ಎಸ್‌ಎಫ್21, ಅದರಿಂದ ಎಸ್‌ಎಫ್9 ಎಂಬ ತಳಿಗಳು ಬಂದವು. 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ ಕಾಣಿಸಿಕೊಂಡು ರೈತರನ್ನು ಕಂಗೆಡಿಸಿದ ಕೀಟವೂ ಇದೇ. 1983ರಲ್ಲಿ ಸಮ್ಮರ್ಸ್, ಸ್ಮಿತ್ ಮತ್ತು ಸಹೋದ್ಯೋಗಿಗಳು, ಗ್ರಾಸರಿ ವೈರಸ್ಸಿನ ಕುಲಕ್ಕೇ ಸೇರಿದ ಬ್ಯಾಕ್ಯುಲೋವೈರಸ್ಸಿನಲ್ಲಿ ಹರಳು ಕಟ್ಟುವ ಪ್ರೋಟೀನಿನ ವಂಶವಾಹಿಯ ಸ್ಥಾನದಲ್ಲಿ ಮನುಷ್ಯರ ಇಂಟರ್‌ಫೆರಾನ್ ವಂಶವಾಹಿಯನ್ನು ಸೇರಿಸಿದರು. ಕೀಟಕೋಶಗಳು ಹರಳಿನ ಬದಲು ಇಂಟರ್‌ಫೆರಾನನ್ನು ತಯಾರಿಸಿದವು. ಹುಳುವನ್ನು ಕೊಲ್ಲುವಾಗ ವೈರಸ್ಸು ಅಪಾರ ಪ್ರಮಾಣದಲ್ಲಿ ಹರಳುಗಳನ್ನು ತಯಾರಿಸುವ ಶಕ್ತಿಯನ್ನೇ ಇಲ್ಲಿ ಉಪಯೋಗಕ್ಕೆ ತಿರುಗಿಸಿಕೊಳ್ಳಲಾಯಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಒಂದು ಲಸಿಕೆ ಹಾಗೂ ಇನ್‌ಫ್ಲುಯೆಂಜಾದ ಒಂದು ಲಸಿಕೆ ಈ ಮಾರ್ಗದಲ್ಲಿ ತಯಾರಾಗಿವೆ.

ಕೃತಿಗಳು ಮತ್ತು ಗೌರವಗಳು

ಪ್ರಬಂಧಗಳಲ್ಲದೆ ಟ್ರೇಗರ್ ಸಹಜೀವನದ ಕುರಿತು 1970ರಲ್ಲಿ ಒಂದು ಕಿರುಗ್ರಂಥವನ್ನೂ, ಪ್ರಾಣಿಗಳಲ್ಲಿನ ಪರೋಪಜೀವನದ ಕುರಿತು 1986ರಲ್ಲಿ ಲಿವಿಂಗ್ ಟುಗೆದರ್ ಎಂಬ ಗ್ರಂಥವನ್ನೂ ಬರೆದರು. ಪರೋಪಜೀವನವನ್ನು ಕೇವಲ ಕೇಡೆಂದು ನೋಡದೆ, ಎರಡು ಜೀವಿಗಳು ಒಂದರೊಡನೊಂದು ಹೊಂದಿಕೊಂಡು ಬಾಳುವ ಹಲವು ರೀತಿಗಳಲ್ಲಿ ಒಂದೆಂದು ನೋಡುವ ದೃಷ್ಟಿ ಈ ಬರಹಗಳದ್ದು. ಏಕಕೋಶ ಜೀವಿಗಳ ಅಧ್ಯಯನಕ್ಕೆ ಮೀಸಲಾದ ಅಮೆರಿಕದ ನಿಯತಕಾಲಿಕದ ಸಂಪಾದಕರಾಗಿ ಅವರು ಹಲವು ವರ್ಷ ದುಡಿದರು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಸದಸ್ಯರಾಗಿ ಆಯ್ಕೆಯಾದರು.

ಕೊನೆಯ ವರ್ಷಗಳು

1980ರಲ್ಲಿ ನಿವೃತ್ತರಾಗಿ ಗೌರವ ಪ್ರಾಧ್ಯಾಪಕರಾದ ನಂತರವೂ ಟ್ರೇಗರ್ ಸಂಶೋಧನೆಯನ್ನು ಬಿಡಲಿಲ್ಲ. ಮಲೇರಿಯಾ ಪರೋಪಜೀವಿಯನ್ನು ಕೆಂಪು ರಕ್ತಕಣದ ಆಸರೆಯಿಲ್ಲದೆ ಬೆಳೆಸುವ ಹಳೆಯ ಪ್ರಶ್ನೆಯನ್ನು, ಈ ಬಾರಿ ಫಾಲ್ಸಿಪಾರಮ್ ಮೇಲೆ, ಮತ್ತೆ ಕೈಗೆತ್ತಿಕೊಂಡರು. 2005ರ ಜನವರಿ 22ರಂದು, ತಮ್ಮ 94ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಮಹತ್ವ

ಟ್ರೇಗರ್ ಅವರ ಹೆಸರು ಸಾಮಾನ್ಯವಾಗಿ ಮಲೇರಿಯಾದೊಡನೆ ಸೇರಿಕೊಂಡಿದೆ. ರೇಷ್ಮೆಹುಳುವಿನ ಪ್ರಯೋಗ ಅವರ ಇಪ್ಪತ್ತೈದನೆಯ ವಯಸ್ಸಿನಲ್ಲಿ ಪ್ರಕಟವಾದ ಒಂದೇ ಪ್ರಬಂಧವಾದ್ದರಿಂದ ಹಿನ್ನೆಲೆಗೆ ಸರಿದಿದೆ. ಆದರೆ ಎರಡರ ಕ್ರಮವೂ ಒಂದೇ: ಆತಿಥೇಯ ಜೀವಕೋಶವನ್ನು ಜೀವಂತವಾಗಿ ಉಳಿಸಿದರೆ ಅದರೊಳಗಿನ ಅತಿಥಿಯೂ ಉಳಿಯುತ್ತದೆ. ಗೆದ್ದಲಿನ ಕರುಳು, ಹುಳುವಿನ ಅಂಡಾಶಯ, ನೊಣದ ಅಂಗಾಂಶ, ಮನುಷ್ಯರ ರಕ್ತಕಣ ಎಂದು ನೆಲೆಗಳು ಬದಲಾದರೂ ಅವರು ಅನುಸರಿಸಿದ ತತ್ತ್ವ ಬದಲಾಗಲಿಲ್ಲ. ಹಾಲುತೊಂಡೆ ರೋಗಕ್ಕೆ ಇಂದಿಗೂ ಪರಿಣಾಮಕಾರಿಯಾದ ಔಷಧವಿಲ್ಲ. ಸಾಕಣೆ ಮನೆಯ ಶುಚಿತ್ವ ಮತ್ತು ಸೋಂಕುನಿವಾರಣೆಯೇ ರೈತರಿಗಿರುವ ಮುಖ್ಯ ರಕ್ಷಣೆ. ಆ ವೈರಸ್ಸು ಕೋಶದೊಳಗೆ ಹೇಗೆ ವರ್ತಿಸುತ್ತದೆಂದು ತಿಳಿಯಲು ನಡೆಯುವ ಅಧ್ಯಯನಗಳು ಮಾತ್ರ ಟ್ರೇಗರ್ 1935ರಲ್ಲಿ ತೋರಿಸಿದ ದಾರಿಯಲ್ಲಿಯೇ, ಗಾಜಿನ ಮೇಲಿನ ಕೋಶಗಳಲ್ಲಿ, ಮುಂದುವರಿದಿವೆ.